ತಮ್ಮನ ಕುಡಿತದ ಹಿಂದೆ ಒಂದು ಅಪಘಾತವಿದೆ. ಮನೆಯವರು ಎಷ್ಟು ಸಹಿಸಬೇಕು?

ನಿಟ್ಟುವಳ್ಳಿ ಅಕ್ಕ:

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ. ನನ್ನ ತಮ್ಮ ಲಾರಿ ಓಡಿಸುತ್ತಿದ್ದ. ಕೆಲವು ವರ್ಷಗಳ ಹಿಂದೆ ಹಿರಿಯೂರಿನ ಹತ್ತಿರ ರಾತ್ರಿ ಹೊತ್ತು ಲಾರಿ ಅಪಘಾತಕ್ಕೀಡಾಗಿ, ಪಕ್ಕದಲ್ಲಿ ಕುಳಿತಿದ್ದ ಕ್ಲೀನರ್ ಹುಡುಗ ಇವನ ಕಣ್ಣೆದುರೇ ತೀರಿಕೊಂಡ. ಇವನಿಗೆ ಹೇಳಿಕೊಳ್ಳುವಂಥ ಗಾಯವಾಗಲಿಲ್ಲ. ಅದಕ್ಕೆ ಮೊದಲು ಮದುವೆ, ಜಾತ್ರೆ ಎಂದು ಅಪರೂಪಕ್ಕೆ ಕುಡಿಯುತ್ತಿದ್ದವನು ಈಗ ಬೆಳಗ್ಗೆ ಎದ್ದ ಕೂಡಲೇ ಕೈ ನಡುಗುತ್ತದೆಂದು ನೈಂಟಿ ಹುಡುಕಿಕೊಂಡು ಹೋಗುತ್ತಾನೆ. ನಿದ್ದೆಯಲ್ಲಿ ಚೀರುತ್ತಾನೆ. ಜೋರಾಗಿ ಹಾರ್ನ್ ಕೇಳಿದರೆ ಬೆಚ್ಚಿಬೀಳುತ್ತಾನೆ. ಚಿತ್ರದುರ್ಗದ ಕಡೆಗೆ ಬಸ್ಸಿನಲ್ಲಿ ಹೋಗಲೂ ಒಪ್ಪುವುದಿಲ್ಲ.

ಕಳೆದ ತಿಂಗಳು ಅಮ್ಮನ ಬೆಂಡೋಲೆಯನ್ನು ಗಿರವಿ ಇಟ್ಟು ಕುಡಿದ. ಕೇಳಿದ್ದಕ್ಕೆ ತಟ್ಟೆ ಎಸೆದ. ಅಮ್ಮ ಮದುವೆ ಮಾಡಿದರೆ ಸರಿಹೋಗುತ್ತಾನೆ ಎನ್ನುತ್ತಾರೆ. ದೊಡ್ಡಪ್ಪ ಈ ಸಲ ಅಯ್ಯಪ್ಪ ಮಾಲೆ ಹಾಕಿಸೋಣ ಎನ್ನುತ್ತಾರೆ. ಪಕ್ಕದ ಮನೆಯವರು ಸಾರಿನಲ್ಲಿ ಬೆರೆಸುವ ಯಾವುದೋ ಪುಡಿಯ ವಿಷಯ ಹೇಳಿದ್ದಾರೆ. ಅವನ ಕುಡಿತಕ್ಕೂ ಆ ಅಪಘಾತಕ್ಕೂ ಸಂಬಂಧವಿದೆ ಎಂಬುದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಹಾಗೆಂದು ಅವನು ಮಾಡುವುದನ್ನೆಲ್ಲ ಸಹಿಸಿಕೊಳ್ಳಬೇಕೇ? ತಿಳಿದವರು ಹೇಳಿ.

ತುಂಗಭದ್ರಾ ತೀರ:

ದಯವಿಟ್ಟು ಮದುವೆ ಮಾತ್ರ ಮಾಡಬೇಡಿ.

ಮಂಡಿಪೇಟೆ ವರ್ತಕ:

ನನ್ನ ಅಭಿಪ್ರಾಯ ಬೇರೆ. ನಮ್ಮ ಚಿಕ್ಕಪ್ಪ ಮೂವತ್ತು ವರ್ಷ ಕುಡಿದವರು, ಒಂದು ದಿನ ದೇವರ ಮುಂದೆ ಆಣೆ ಇಟ್ಟು ಬಿಟ್ಟರು, ಮತ್ತೆ ಮುಟ್ಟಲಿಲ್ಲ. ಮನಸ್ಸು ಗಟ್ಟಿಯಾಗಿದ್ದರೆ ಆಸ್ಪತ್ರೆ ಯಾಕೆ ಬೇಕು? ಮಾಲೆ ಹಾಕಿಸುವುದರಲ್ಲಿ ತಪ್ಪೇನೂ ಇಲ್ಲ. ವ್ರತದ ಅಷ್ಟು ದಿನ ಕುಡಿಯದೆ ಇದ್ದರೆ ಮುಂದೆಯೂ ಇರಬಹುದೆಂಬ ಧೈರ್ಯ ಅವನಿಗೇ ಬರುತ್ತದೆ.

ಕೋಟೆನಾಡಿನ ನರ್ಸ್:

ವರ್ತಕರೇ, ನಿಮ್ಮ ಚಿಕ್ಕಪ್ಪನವರ ಬಗ್ಗೆ ಕೇಳಿ ಸಂತೋಷವಾಯಿತು. ಆದರೆ ಅಕ್ಕನ ತಮ್ಮನಿಗೆ ಬೆಳಗ್ಗೆ ಕೈ ನಡುಗುತ್ತದೆ ಎಂಬ ಮಾತನ್ನು ಮತ್ತೊಮ್ಮೆ ಓದಿ. ಅವರ ದೇಹ ಮದ್ಯಕ್ಕೆ ಒಗ್ಗಿಹೋಗಿದೆ ಎಂಬುದರ ಗುರುತು ಅದು. ಅಂಥವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 24 ಗಂಟೆಗಳಲ್ಲಿ ನಡುಕ, ಬೆವರು, ವಾಕರಿಕೆ, ಎದೆಬಡಿತ ಹೆಚ್ಚುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿದು, ಇಲ್ಲದ ಹುಳುಹುಪ್ಪಟೆ ಕಾಣುತ್ತಿದೆ ಎನ್ನುತ್ತ, ಎಲ್ಲಿದ್ದೇನೆ ಎಂಬುದೇ ಗೊತ್ತಾಗದೆ ಒದ್ದಾಡುತ್ತಾರೆ. ಇದರಲ್ಲಿ ಪ್ರಾಣ ಹೋಗುವುದೂ ಉಂಟು. ಇಷ್ಟೆಲ್ಲ ಆಗುವುದು ಮನಸ್ಸು ದುರ್ಬಲವಾಗಿರುವುದರಿಂದಲ್ಲ. ವರ್ಷಗಟ್ಟಲೆ ಮದ್ಯ ಮಿದುಳನ್ನು ಮಂಕುಗೊಳಿಸುತ್ತ ಬಂದಿರುತ್ತದೆ, ಮಿದುಳು ಅದಕ್ಕೆ ಎದುರಾಗಿ ತನ್ನ ಕೆರಳುವಿಕೆಯನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯ ಥಟ್ಟನೆ ಇಲ್ಲವಾದಾಗ ಆ ಕೆರಳುವಿಕೆಗೆ ಲಗಾಮು ಇರುವುದಿಲ್ಲ.

ಮಾಲೆ ಹಾಕಿದ ಮೊದಲ ವಾರದಲ್ಲೇ ಫಿಟ್ಸ್ ಬಂದು ವಾರ್ಡಿಗೆ ಸೇರಿದವರನ್ನು ನಾನು ನೋಡಿಕೊಂಡಿದ್ದೇನೆ. ವ್ರತ ಬೇಡವೆಂದು ನಾನು ಹೇಳುತ್ತಿಲ್ಲ. ಮೊದಲು ವೈದ್ಯರ ಉಸ್ತುವಾರಿಯಲ್ಲಿ ಕುಡಿತ ನಿಲ್ಲಿಸಲಿ, ನಂತರ ಮಾಲೆ ಹಾಕಲಿ.

ಇನ್ನೊಂದು ಮಾತು. ಸುಸ್ತಾಗಿದೆ ಎಂದು ಊರಿನ ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಬಾಟಲಿ ಹಾಕಿಸುವುದು ನಮ್ಮಲ್ಲಿ ರೂಢಿ. ಬಹಳ ಕುಡಿಯುವವರಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ತೀರಾ ಕಡಿಮೆಯಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಶಾಶ್ವತ ಹಾನಿಯಾಗುವ ಅಪಾಯವಿದೆ. ಯಾವ ವೈದ್ಯರ ಬಳಿ ಹೋದರೂ ಕುಡಿತದ ವಿಷಯವನ್ನು ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ.

ಪಿ.ಜೆ. ಬಡಾವಣೆ ಔಷಧಿ ಅಂಗಡಿ:

ಪುಡಿಯ ಬಗ್ಗೆ ನಾನು ಹೇಳುತ್ತೇನೆ. ವಾರಕ್ಕೊಬ್ಬರಾದರೂ ಅದನ್ನು ಕೇಳಿಕೊಂಡು ಅಂಗಡಿಗೆ ಬರುತ್ತಾರೆ, ಹೆಚ್ಚಿನವರು ಹೆಂಡತಿಯರು ಅಥವಾ ತಾಯಂದಿರು. ಜಾಹೀರಾತಿನ ಪುಡಿಗಳಲ್ಲಿ ಏನಿದೆ ಎಂಬುದನ್ನು ಯಾರೂ ಖಾತ್ರಿಯಾಗಿ ಹೇಳಲಾರರು. ಇನ್ನು ಡೈಸಲ್ಫಿರಾಮ್ ಎಂಬ ಮಾತ್ರೆಯನ್ನೇ ಪುಡಿ ಮಾಡಿ ಊಟದಲ್ಲಿ ಬೆರೆಸುವವರೂ ಇದ್ದಾರೆ. ಅದು ನಿಜವಾದ ಔಷಧಿ, ಆದರೆ ಕುಡಿಯುವ ಆಸೆಯನ್ನು ಅದು ಕಡಿಮೆ ಮಾಡುವುದಿಲ್ಲ. ಮದ್ಯ ದೇಹದಲ್ಲಿ ಕರಗುವಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಮುಂದೆ ವಿಭಜನೆಯಾಗದಂತೆ ಅದು ತಡೆಯುತ್ತದೆ. ಆದ್ದರಿಂದ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರು ಸಾಯಲೂಬಹುದು. ಕೊನೆಯ ಮಾತ್ರೆ ನುಂಗಿ ಎರಡು ವಾರಗಳವರೆಗೂ ಇದರ ಪರಿಣಾಮ ಉಳಿಯಬಹುದು.

ತಾನು ಮಾತ್ರೆ ತೆಗೆದುಕೊಂಡಿದ್ದೇನೆ ಎಂಬ ಅರಿವಿದ್ದು ಅವನು ಕುಡಿಯದೆ ಇರಬೇಕು. ಔಷಧಿಯ ಉದ್ದೇಶವೇ ಅದು. ಗೊತ್ತಿಲ್ಲದವನು ಎಂದಿನಂತೆ ಬಾರಿಗೆ ಹೋಗುತ್ತಾನೆ. ವೈದ್ಯರ ಚೀಟಿ ಇಲ್ಲದೆ ಇದನ್ನು ಮಾರುವಂತಿಲ್ಲ, ನಾನು ಕೊಡುವುದೂ ಇಲ್ಲ. ಆಸೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್ ಎಂಬ ಮಾತ್ರೆಗಳು ಬೇರೆ ಇವೆ. ಯಾರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆ ಮಾಡಿಸಿ ವೈದ್ಯರೇ ನಿರ್ಧರಿಸಬೇಕು.

ನಿಟ್ಟುವಳ್ಳಿ ಅಕ್ಕ:

ಪುಡಿ ತರಿಸಲು ಅಮ್ಮ ದುಡ್ಡು ಕೊಟ್ಟಾಗಿತ್ತು. ಈಗಲೇ ಬೇಡವೆಂದು ಹೇಳಿಸುತ್ತೇನೆ. ಇಬ್ಬರಿಗೂ ಕೃತಜ್ಞತೆಗಳು.

ಹೊನ್ನಾಳಿ ರೈತ:

ಎಲ್ಲರೂ ಔಷಧಿಯ ಮಾತಾಡುತ್ತಿದ್ದೀರಿ, ನಾನು ಅಕ್ಕನ ಮೂಲ ಪ್ರಶ್ನೆಗೆ ಬರುತ್ತೇನೆ. ಈಚೆಗೆ ಯಾರು ಏನು ಮಾಡಿದರೂ ಅದಕ್ಕೊಂದು ಮನಸ್ಸಿನ ಗಾಯದ ಕಾರಣ ಕೊಡುವುದು ಹೆಚ್ಚಾಗಿದೆ. ಮೆಕ್ಕೆಜೋಳ ನೆಲಕಚ್ಚಿ ಸಾಲದಲ್ಲಿ ಮುಳುಗಿದ ರೈತರೆಲ್ಲ ಕುಡುಕರಾದರೇ? ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಸಾವಿರಾರು ಜನ ಬೀದಿಗೆ ಬಿದ್ದರು. ಅವರಲ್ಲಿ ಮಿರ್ಚಿ ಮಂಡಕ್ಕಿ ಗಾಡಿ ಇಟ್ಟು ಮಕ್ಕಳನ್ನು ಓದಿಸಿದವರಿದ್ದಾರೆ. ತಾಯಿಯ ಬೆಂಡೋಲೆ ಅಡವಿಟ್ಟವನನ್ನು ಅರ್ಥಮಾಡಿಕೊಳ್ಳಿ ಎನ್ನುವುದು ಸುಲಭ. ಆ ತಾಯಿಯನ್ನು ಅರ್ಥಮಾಡಿಕೊಳ್ಳುವವರು ಯಾರು?

ಹರಿಹರದ ಮೇಷ್ಟ್ರು:

ರೈತರ ಪ್ರಶ್ನೆ ನ್ಯಾಯವಾದದ್ದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಒಂದೇ ಏಟು ತಿಂದವರೆಲ್ಲ ಒಂದೇ ರೀತಿ ಬೀಳುವುದಿಲ್ಲ ಎಂಬುದು ನಿಜ. ಆದರೆ ಏಟು ತಿಂದವರಲ್ಲಿ ಬೀಳುವವರು ಹೆಚ್ಚು ಎಂಬುದೂ ಅಷ್ಟೇ ನಿಜ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಫೆಲಿಟಿ ಮತ್ತು ಆಂಡಾ ಎಂಬ ವೈದ್ಯರ ತಂಡ ಬಾಲ್ಯದ ಕಹಿ ಅನುಭವಗಳ ಬಗ್ಗೆ ಅಧ್ಯಯನ ನಡೆಸಿ 1998ರಲ್ಲಿ ಪ್ರಕಟಿಸಿತು. ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ಕುಡುಕರು, ತಾಯಿಯ ಮೇಲೆ ಹಲ್ಲೆ ಮುಂತಾದ ಬಗೆಗಳಲ್ಲಿ ನಾಲ್ಕು ಅಥವಾ ಹೆಚ್ಚನ್ನು ಅನುಭವಿಸಿದವರಲ್ಲಿ ಮದ್ಯವ್ಯಸನ, ಮಾದಕ ವಸ್ತುಗಳ ಬಳಕೆ, ಖಿನ್ನತೆ, ಆತ್ಮಹತ್ಯೆಯ ಯತ್ನಗಳ ಅಪಾಯ, ಯಾವುದನ್ನೂ ಅನುಭವಿಸದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು. ಅಪಾಯ ಹೆಚ್ಚಿತ್ತು ಎಂದರೆ ಹಣೆಬರಹ ಬರೆದಾಯಿತು ಎಂದಲ್ಲ. ಗಿರಣಿ ಮುಚ್ಚಿದಾಗ ಬಿದ್ದವರನ್ನೂ ನಾನು ನೋಡಿದ್ದೇನೆ, ಎದ್ದವರನ್ನೂ ನೋಡಿದ್ದೇನೆ. ಎದ್ದವರ ಹಿಂದೆ ಯಾರಾದರೊಬ್ಬರು ನಿಂತಿದ್ದರು, ಇಲ್ಲವೇ ಬೇಗ ಬೇರೊಂದು ಕೆಲಸ ಸಿಕ್ಕಿತ್ತು.

ಇನ್ನು ಅಕ್ಕ ಬರೆದಿರುವ ಲಕ್ಷಣಗಳನ್ನು ಗಮನಿಸಿ: ಕನಸಿನಲ್ಲಿ ಚೀರುವುದು, ಹಾರ್ನ್‌ಗೆ ಬೆಚ್ಚುವುದು, ಆ ದಾರಿಯನ್ನೇ ತಪ್ಪಿಸುವುದು. ಆಘಾತದ ನಂತರ ಕೆಲವರ ಮನಸ್ಸು ಆ ಕ್ಷಣದಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದು ತಿಂಗಳು ದಾಟಿಯೂ ಇಂಥವು ಹೋಗದೆ ಬದುಕಿಗೆ ಅಡ್ಡಿಯಾದಾಗ ಮನೋವೈದ್ಯರು ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಪರಿಶೀಲಿಸುತ್ತಾರೆ. ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಗೆ ಅದು ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡು ಎಲ್ಲರ ಕಣ್ಣಿಗೆ ಬಿದ್ದ ಮೇಲೆ. ಅಂಥವರಿಗೆ ರಾತ್ರಿ ಎಂದರೇ ಭಯ. ಮದ್ಯ ಬೇಗ ನಿದ್ದೆ ಹತ್ತಿಸುತ್ತದೆ. ಆದರೆ ರಾತ್ರಿಯ ಎರಡನೆಯ ಭಾಗದಲ್ಲಿ ಅದೇ ನಿದ್ದೆಯನ್ನು ಕೆಡಿಸುತ್ತದೆ, ಕುಡಿತ ನಿಲ್ಲಿಸಿದ ಮೊದಲ ದಿನಗಳಲ್ಲಂತೂ ಕೆಟ್ಟ ಕನಸುಗಳು ಇನ್ನಷ್ಟು ದಟ್ಟವಾಗುತ್ತವೆ. ಆಗ ಅವನಿಗೆ ತಿಳಿದಿರುವ ಪರಿಹಾರ ಒಂದೇ, ಇನ್ನೊಂದು ಕ್ವಾರ್ಟರ್.

ಮಂಡಿಪೇಟೆ ವರ್ತಕ:

ಮೇಷ್ಟ್ರೇ, ವಿಯೆಟ್ನಾಂ ಸೈನಿಕರ ಮಾತು ಬಂದದ್ದರಿಂದ ಕೇಳುತ್ತೇನೆ. ಅಲ್ಲಿ ಹೆರಾಯಿನ್ ಹಿಡಿದಿದ್ದವರಲ್ಲಿ ಹೆಚ್ಚಿನವರು ಊರಿಗೆ ಬಂದ ಮೇಲೆ ತಾವೇ ಬಿಟ್ಟರೆಂದು ಓದಿದ್ದೇನೆ. ಹಾಗಾದರೆ ಹುಡುಗನನ್ನು ಊರು ಬಿಡಿಸಿ ಬೇರೆಡೆಗೆ ಕಳುಹಿಸಿದರೆ ಸಾಲದೇ?

ಹರಿಹರದ ಮೇಷ್ಟ್ರು:

ನೀವು ಓದಿದ್ದು ಸರಿ, ಲೀ ರಾಬಿನ್ಸ್ ಎಂಬ ವಿದ್ವಾಂಸೆ ನಡೆಸಿದ ಅಧ್ಯಯನವದು. ಆದರೆ ಆ ಸೈನಿಕರಿಗೆ ಯುದ್ಧವೂ ಹೆರಾಯಿನ್ನೂ ಎರಡೂ ಸಮುದ್ರದಾಚೆ ಉಳಿದುಹೋದವು. ಮದ್ಯದ ಅಂಗಡಿ ನಮ್ಮಲ್ಲಿ ಯಾವ ಊರಿನಲ್ಲಿಲ್ಲ? 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು, ಕುಡಿಯುವವರು ಅಗ್ಗದ ವಿಸ್ಕಿ, ರಮ್ಮಿನ ಪ್ಯಾಕೆಟ್ಟಿಗೆ ತಿರುಗಿದರು. ಗೊತ್ತಿಲ್ಲದ ಊರಿನಲ್ಲಿ ಒಂಟಿಯಾಗಿ ಬಿಟ್ಟರೆ ಇವನು ಹೆಚ್ಚು ಕುಡಿಯುವ ಸಂಭವವೇ ಜಾಸ್ತಿ.

ಚಳ್ಳಕೆರೆಯ ಮಗಳು:

ಹೊನ್ನಾಳಿಯ ಅಣ್ಣನವರು ಕೇಳಿದ ಕೊನೆಯ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ, ನಾನು ಮುಟ್ಟುತ್ತೇನೆ. ನಾನು ಕುಡುಕ ತಂದೆಯ ಮಗಳು. ಅಪ್ಪ ಚಿಕ್ಕಂದಿನಲ್ಲಿ ಅನುಭವಿಸಿದ ಕಷ್ಟದ ಕಥೆಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದೆವು. ಅಪ್ಪ ಹೊಡೆದ ಪ್ರತಿ ಸಲವೂ ಅಜ್ಜಿ ಅದೇ ಕಥೆಯನ್ನು ಅಮ್ಮನಿಗೆ ಹೇಳಿ ಸಮಾಧಾನ ಮಾಡುತ್ತಿದ್ದರು. ಗೇಟಿನ ಸದ್ದು ಕೇಳಿದರೆ ಅಪ್ಪ ಎಷ್ಟು ಕುಡಿದಿದ್ದಾರೆಂದು ಹೇಳುವಷ್ಟು ನನ್ನ ಕಿವಿ ಪಳಗಿತ್ತು. ಈಗಲೂ ಯಾರಾದರೂ ಬಾಗಿಲನ್ನು ಜೋರಾಗಿ ಹಾಕಿದರೆ ನನ್ನ ಹೊಟ್ಟೆಯಲ್ಲಿ ತಳಮಳವಾಗುತ್ತದೆ. ಮೇಷ್ಟ್ರು ಹೇಳಿದ ಪಟ್ಟಿಯಲ್ಲಿ ಮನೆಯಲ್ಲಿ ಕುಡುಕರಿರುವುದೂ ಒಂದು ಗಾಯವೆಂದು ಸೇರಿದೆಯಲ್ಲ, ಆ ಮಗು ನಾನು.

ಆದ್ದರಿಂದ ಅಕ್ಕ, ನಿಮ್ಮ ತಮ್ಮ ಯಾಕೆ ಕುಡಿಯುತ್ತಾನೆಂಬುದನ್ನು ಅರ್ಥಮಾಡಿಕೊಳ್ಳಿ, ಆದರೆ ತಟ್ಟೆ ಎಸೆಯುವುದನ್ನು ಒಪ್ಪಿಕೊಳ್ಳಬೇಡಿ. ಇವೆರಡೂ ಒಟ್ಟಿಗೆ ಸಾಧ್ಯ. ಅವನು ಕೈ ಎತ್ತಿದರೆ ಅಮ್ಮ ಆ ರಾತ್ರಿ ಎಲ್ಲಿರಬೇಕು ಎಂಬುದನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೆ ಸುಳ್ಳು ಹೇಳದೆ, ಮಾಮನಿಗೆ ಕಾಯಿಲೆಯಿದೆ, ಅದಕ್ಕೆ ನೀನು ಕಾರಣನಲ್ಲ ಎಂದು ಹೇಳಿ. ಹೆಣ್ಣು ನೋಡಲು ಹೊರಟರೆ ಆ ಹುಡುಗಿಯ ಮನೆಯವರಿಗೆ ವಿಷಯ ತಿಳಿಸುತ್ತೀರಾ ಎಂದು ನಿಮ್ಮ ಅಮ್ಮನನ್ನು ನೇರವಾಗಿ ಕೇಳಿ. ಹೇಳದೆ ಮದುವೆ ಮಾಡುವುದು ಮತ್ತೊಂದು ಹೆಣ್ಣುಮಗುವಿಗೆ ಮಾಡುವ ಅನ್ಯಾಯ.

ಹೊನ್ನಾಳಿ ರೈತ:

ತಂಗಿ, ನಾನು ಕೇಳಬೇಕೆಂದಿದ್ದ ಉತ್ತರ ಇದೇ. ಕಾರಣ ಬೇರೆ, ವಿನಾಯಿತಿ ಬೇರೆ ಎಂಬುದಾದರೆ ನನ್ನ ತಕರಾರಿಲ್ಲ.

ಜೋಗಿಮಟ್ಟಿ ಗಾಳಿ:

ನಾನು ಕುಡಿತ ಬಿಟ್ಟು ಹಲವು ವರ್ಷಗಳಾಗಿವೆ. ಬಿಡುವ ಮೊದಲು ಜನ ನನ್ನನ್ನು ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಬಹಳ ನೋಯಿಸುತ್ತಿದ್ದದ್ದು, ನಿನಗೆ ನಾಚಿಕೆಯಾಗುವುದಿಲ್ಲವೇ ಎಂಬುದು. ನಾಚಿಕೆ ವಿಪರೀತ ಆಗುತ್ತಿತ್ತು, ಅದನ್ನು ತಡೆಯಲಾರದೆ ಮತ್ತೆ ಕುಡಿಯುತ್ತಿದ್ದೆ. ನಿಮ್ಮ ತಮ್ಮನ ಕೈಯಲ್ಲಿ ಸ್ಟೇರಿಂಗ್ ಇತ್ತು, ಸತ್ತದ್ದು ಪಕ್ಕದ ಹುಡುಗ. ತಾನು ಮಾತ್ರ ಬದುಕಿ ಉಳಿದೆನೆಂಬ ತಪ್ಪಿತಸ್ಥ ಭಾವವೊಂದು ಅವನನ್ನು ಒಳಗಿನಿಂದ ತಿನ್ನುತ್ತಿರಬಹುದು. ಅದಕ್ಕಾಗಿ ಒಂದು ಎಚ್ಚರಿಕೆ ಹೇಳುತ್ತೇನೆ: ಅಂದು ರಾತ್ರಿ ಏನಾಯಿತೆಂದು ಹೇಳು, ಹೇಳಿದರೆ ಹಗುರಾಗುತ್ತದೆ ಎಂದು ಒತ್ತಾಯಿಸಬೇಡಿ. ತಯಾರಿಲ್ಲದವನಿಂದ ಅದನ್ನು ಕೆದಕಿ ತೆಗೆದರೆ ಆ ರಾತ್ರಿ ಅವನು ಇನ್ನೂ ಹೆಚ್ಚು ಕುಡಿಯಬಹುದು. ತಾನಾಗಿ ಹೇಳಿದರೆ ಮಧ್ಯೆ ಬಾಯಿ ಹಾಕದೆ, ಬುದ್ಧಿ ಹೇಳದೆ ಕೇಳಿಸಿಕೊಳ್ಳಿ.

ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳು ನನ್ನನ್ನು ಉಳಿಸಿದವು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಆರಂಭಿಸಿದ ಕೂಟವಿದು, ಶುಲ್ಕವಿಲ್ಲ, ಹೆಸರು ಕೇಳುವುದಿಲ್ಲ. ಮನೆಯವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವೂ ಇದೆ.

ಆಪ್ತಸಮಾಲೋಚಕಿ:

ಜೋಗಿಮಟ್ಟಿಯವರ ಮಾತಿಗೆ ಸೇರಿಸುತ್ತೇನೆ. ಮೊದಲು ಕುಡಿತ ಪೂರ್ತಿ ಬಿಡು, ಆಮೇಲೆ ಆಘಾತದ ವಿಚಾರ ನೋಡೋಣ ಎನ್ನುವುದು ಹಳೆಯ ಪದ್ಧತಿ. ಆಘಾತಕ್ಕೆ ಚಿಕಿತ್ಸೆ ಸಿಗದಿದ್ದರೆ ಕುಡಿತ ಮರಳುತ್ತದೆ, ಕುಡಿತ ನಿಲ್ಲದಿದ್ದರೆ ಆಘಾತದ ಚಿಕಿತ್ಸೆ ಹಿಡಿಯುವುದಿಲ್ಲ ಎಂಬುದು ಮನವರಿಕೆಯಾದ ಮೇಲೆ, ದೇಹ ಒಂದು ಹದಕ್ಕೆ ಬಂದ ನಂತರ ಎರಡನ್ನೂ ಜೊತೆಯಲ್ಲೇ ನೋಡುವ ಕಡೆಗೆ ತಜ್ಞರು ವಾಲಿದ್ದಾರೆ. ಆದ್ದರಿಂದ ವೈದ್ಯರ ಬಳಿ ಅಪಘಾತದ ವಿಷಯವನ್ನೂ ತಪ್ಪದೆ ಹೇಳಿ.

ಮನೆಯವರು ಮಾಡಬಹುದಾದ ಕೆಲಸ ನಿಜಕ್ಕೂ ದೊಡ್ಡದು. ಕುಡಿದಿರುವಾಗ ವಾದ ಬೇಡ. ಅವನು ಸ್ವಲ್ಪ ತಿಳಿಯಾಗಿರುವ ಹೊತ್ತು ನೋಡಿ, ನೀನು ಕುಡುಕ ಎನ್ನದೆ, ನೀನು ರಾತ್ರಿ ಚೀರಿದಾಗ ನನಗೆ ಭಯವಾಗುತ್ತದೆ, ನಿನ್ನ ಜೊತೆ ಆಸ್ಪತ್ರೆಗೆ ನಾನು ಬರುತ್ತೇನೆ ಎಂದು ಹೇಳಿ. ಕುಡಿಯದ ದಿನ ಅವನಿಗಿಷ್ಟವಾದ ಅಡುಗೆ ಮಾಡಿ, ಜೊತೆಯಲ್ಲಿ ಕುಳಿತು ಉಣ್ಣಿ. ಕುಡಿದ ದಿನ ಜಗಳವೂ ಬೇಡ, ಉಪಚಾರವೂ ಬೇಡ. ಬಾರಿನ ಸಾಲವನ್ನು ನೀವು ತೀರಿಸಬೇಡಿ. ಮಾಲೀಕರಿಗೆ ಫೋನ್ ಮಾಡಿ ಜ್ವರ ಬಂದಿದೆ ಎಂದು ಸುಳ್ಳು ಹೇಳಬೇಡಿ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ರಾಬರ್ಟ್ ಮೈಯರ್ಸ್ ಎಂಬವರು ಇದೇ ದಾರಿಯನ್ನು ಮನೆಯವರಿಗೆ ಕ್ರಮವಾಗಿ ಕಲಿಸುವ ಪದ್ಧತಿಯನ್ನು ರೂಪಿಸಿದರು. ಚಿಕಿತ್ಸೆಯೇ ಬೇಡವೆನ್ನುತ್ತಿದ್ದವರನ್ನು ಒಪ್ಪಿಸುವುದರಲ್ಲಿ ಎಲ್ಲರೂ ಸುತ್ತುಗಟ್ಟಿ ಬೈಯುವುದಕ್ಕಿಂತ ಅದು ಹೆಚ್ಚು ಫಲ ಕೊಟ್ಟಿದೆ.

ಸಾಯುತ್ತೇನೆ ಎಂಬ ಮಾತು ಅವನ ಬಾಯಲ್ಲಿ ಬಂದಿದೆಯೇ ಎಂಬುದನ್ನು ನೀವು ಬರೆದಿಲ್ಲ. ಬಂದಿದ್ದರೆ, ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಲು ಹೆದರಬೇಡಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮನೆಯಲ್ಲಿ ಕ್ರಿಮಿನಾಶಕವಿದ್ದರೆ ಇವತ್ತೇ ಹೊರಗೆ ಸಾಗಿಸಿ. 14416 ಎಂಬುದು ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಆರಂಭವಾಯಿತು, ಹಗಲೂ ರಾತ್ರಿಯೂ ಕನ್ನಡದಲ್ಲಿ ಉಚಿತವಾಗಿ ಮಾತನಾಡಬಹುದು. ವ್ಯಸನಕ್ಕೆಂದೇ 14446 ಇದೆ.

ನಿಟ್ಟುವಳ್ಳಿ ಅಕ್ಕ:

ಸಾಯುವ ಮಾತನ್ನು ಒಮ್ಮೆ ಆಡಿದ್ದ, ಕುಡಿದ ಅಮಲಿನ ಮಾತೆಂದು ನಾವು ಬಿಟ್ಟೆವು. ಇವತ್ತೇ ಆ ಸಂಖ್ಯೆಗೆ ಕರೆ ಮಾಡುತ್ತೇನೆ. ಅಣ್ಣನೊಬ್ಬರು ಒಂದು ಖಾಸಗಿ ಕೇಂದ್ರದ ಹೆಸರು ಹೇಳಿದ್ದಾರೆ, ಅವರೇ ಗಾಡಿ ತಂದು ಎತ್ತಿಕೊಂಡು ಹೋಗುತ್ತಾರಂತೆ. ಮದ್ಯವರ್ಜನ ಶಿಬಿರಕ್ಕೆ ಸೇರಿಸಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಒಳ್ಳೆಯದು?

ಚಿತ್ರದುರ್ಗ ವಕೀಲ:

ಎತ್ತಿಕೊಂಡು ಹೋಗುವ ಕೇಂದ್ರದ ಸಹವಾಸ ಬೇಡ. ಕೂಡಿಹಾಕಿ ಹೊಡೆಯುವ ಕಡೆಯಿಂದ ಬಂದ ಒಬ್ಬರ ಪರವಾಗಿ ನಾನು ಓಡಾಡಿದ್ದೇನೆ. ಮೊದಲೇ ಆಘಾತದಿಂದ ನರಳುವವನಿಗೆ ಅದು ಎರಡನೆಯ ಆಘಾತ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಸೇರಿವೆ. ಚಿಕಿತ್ಸೆ ಕೊಡುವ ಸಂಸ್ಥೆ ನೋಂದಣಿಯಾಗಿರಬೇಕು, ಸರಪಳಿ ಹಾಕುವಂತಿಲ್ಲ, ಒಪ್ಪಿಗೆಯಿಲ್ಲದೆ ದಾಖಲಿಸಬೇಕಾದರೆ ತಜ್ಞರ ಪರೀಕ್ಷೆ, ಕಾಲಮಿತಿ ಎಲ್ಲವನ್ನೂ ಪಾಲಿಸಬೇಕು. ಎಲ್ಲಿಗೇ ಹೋದರೂ ನೋಂದಣಿ ಪತ್ರ ಕೇಳಿ, ಮನೋವೈದ್ಯರು ಯಾರೆಂದು ಕೇಳಿ, ಮನೆಯವರು ಬಂದು ನೋಡಬಹುದೇ ಎಂದು ಕೇಳಿ.

ಮಂಡಿಪೇಟೆ ವರ್ತಕ:

ಶಿಬಿರದ ಬಗ್ಗೆ ಯಾರೂ ಕೆಟ್ಟ ಮಾತಾಡಬೇಡಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರೂ ಜನಜಾಗೃತಿ ವೇದಿಕೆಯವರೂ ಊರೂರಿನಲ್ಲಿ ನಡೆಸುವ ಶಿಬಿರಗಳಿಂದ ಎಷ್ಟೋ ಮನೆಗಳು ಉಳಿದಿವೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ನಿಮ್ಮ ದುಶ್ಚಟಗಳನ್ನು ಇದಕ್ಕೆ ಹಾಕಿ ಎಂದು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರವೇ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಊರಿನ ಎದುರು ಕೊಟ್ಟ ಮಾತಿಗೆ ಇರುವ ಬಲ ಮಾತ್ರೆಗೆ ಎಲ್ಲಿಂದ ಬರಬೇಕು?

ಕೋಟೆನಾಡಿನ ನರ್ಸ್:

ಆ ಬಲವನ್ನು ನಾನೂ ಒಪ್ಪುತ್ತೇನೆ ವರ್ತಕರೇ. ಶಿಬಿರ ಮುಗಿದ ಮೇಲೂ ನವಜೀವನ ಸಮಿತಿಯ ಮೂಲಕ ಕುಡಿತ ಬಿಟ್ಟವರು ಮತ್ತೆ ಮತ್ತೆ ಸೇರುವುದು ಬಹಳ ಒಳ್ಳೆಯ ಕ್ರಮ. ಆದರೆ ಈ ಹುಡುಗನಿಗೆ ನಡುಕವಿದೆ, ಆಘಾತದ ಲಕ್ಷಣಗಳಿವೆ, ಸಾಯುವ ಮಾತೂ ಬಂದಿದೆ. ಮೊದಲು ಮನೋವೈದ್ಯರು ನೋಡಲಿ, ಶಿಬಿರ ಆಮೇಲೆ ಇದ್ದೇ ಇದೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ, ವೈದ್ಯಕೀಯ ಕಾಲೇಜುಗಳ ಮನೋವೈದ್ಯಕೀಯ ವಿಭಾಗಗಳಿವೆ. ಅಲ್ಲಿಂದ ಮುಂದೆ ಬೇಕೆಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ.

ತುಂಗಭದ್ರಾ ತೀರ:

ಆಸ್ಪತ್ರೆಗೆ ಸೇರಿಸಿ ಬಂದ ಮೇಲೆ ಮತ್ತೆ ಕುಡಿದರೆ? ನಮ್ಮ ಭಾವ ಹಾಗೆಯೇ ಮಾಡಿದರು. ಖರ್ಚೆಲ್ಲ ನೀರುಪಾಲಾಯಿತೆಂದು ಅಕ್ಕ ಆಮೇಲೆ ಕರೆದುಕೊಂಡೇ ಹೋಗಲಿಲ್ಲ.

ಜೋಗಿಮಟ್ಟಿ ಗಾಳಿ:

ನಾನೂ ಒಂದಕ್ಕಿಂತ ಹೆಚ್ಚು ಸಲ ಮರಳಿ ಕುಡಿದವನೇ. ಚಿಕಿತ್ಸೆ ಪಡೆದವರಲ್ಲಿ ಶೇ. 40ರಿಂದ 60ರಷ್ಟು ಜನ ಮತ್ತೆ ಜಾರುತ್ತಾರೆಂದು ಅಂದಾಜಿದೆ. ರಕ್ತದೊತ್ತಡ, ಉಬ್ಬಸದ ರೋಗಿಗಳಲ್ಲೂ ಚಿಕಿತ್ಸೆಯ ಕ್ರಮ ತಪ್ಪಿ ಕಾಯಿಲೆ ಮರುಕಳಿಸುವುದು ಹೆಚ್ಚುಕಡಿಮೆ ಇಷ್ಟೇ ಪ್ರಮಾಣದಲ್ಲಿ. ಬಿ.ಪಿ. ಏರಿತೆಂದು ಯಾರೂ ಡಾಕ್ಟರನ್ನು ಬಿಡುವುದಿಲ್ಲ. ನಿಮ್ಮ ಭಾವನವರನ್ನು ಮತ್ತೆ ಕರೆದುಕೊಂಡು ಹೋಗಿ, ತಡವಾಗಿಲ್ಲ.

ನಿಟ್ಟುವಳ್ಳಿ ಅಕ್ಕ:

ಸಹಾಯವಾಣಿಯವರ ಜೊತೆ ಮಾತನಾಡಿದೆ. ಅವನು ಸಂಜೆಯ ಹೊತ್ತಿಗೆ ಸ್ವಲ್ಪ ತಿಳಿಯಾಗಿದ್ದಾಗ, ನಿದ್ದೆಗಾಗಿ ಡಾಕ್ಟರನ್ನು ನೋಡೋಣವೇ ಎಂದಷ್ಟೇ ಕೇಳಿದೆ. ನಿದ್ದೆಗಾದರೆ ಬರುತ್ತೇನೆ ಎಂದಿದ್ದಾನೆ. ಸೋಮವಾರ ಹೋಗುತ್ತೇವೆ, ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ಮನೆಯಲ್ಲಿ ಕುಡಿತವನ್ನು ತಡೆಯಬೇಕೋ ಬೇಡವೋ? ವೈದ್ಯರ ಬಳಿ ಏನೇನು ಹೇಳಬೇಕು?

ಕೋಟೆನಾಡಿನ ನರ್ಸ್:

ಒಮ್ಮೆಲೇ ತಡೆಯಬೇಡಿ, ಬಾಗಿಲು ಹಾಕಿ ಕೂರಿಸಬೇಡಿ, ನೀವಾಗಿ ತಂದುಕೊಡುವುದೂ ಬೇಡ. ಊಟ ಮತ್ತು ನೀರು ಹೊಟ್ಟೆಗೆ ಸೇರುವಂತೆ ನೋಡಿಕೊಳ್ಳಿ. ಸಾಯುವ ಮಾತು ಮತ್ತೆ ಬಂದರೆ ಅಥವಾ ಫಿಟ್ಸ್, ಜ್ವರ, ಅಸಂಬದ್ಧ ಮಾತು ಕಂಡರೆ ಸೋಮವಾರದವರೆಗೆ ಕಾಯದೆ 108ಕ್ಕೆ ಕರೆ ಮಾಡಿ ತುರ್ತು ವಿಭಾಗಕ್ಕೆ ಕರೆತನ್ನಿ. ದಿನಕ್ಕೆ ಎಷ್ಟು ಕುಡಿಯುತ್ತಾನೆ, ಕೊನೆಯ ಸಲ ಕುಡಿದದ್ದು ಯಾವ ಹೊತ್ತಿಗೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಗುಟ್ಕಾ ಅಥವಾ ಗಾಂಜಾ ಅಭ್ಯಾಸವಿದೆಯೇ, ನಿದ್ದೆ ಮಾತ್ರೆ ನುಂಗುತ್ತಾನೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ. ಅಪಘಾತದಲ್ಲಿ ತಲೆಗೆ ಪೆಟ್ಟಾಗಿತ್ತೇ ಎಂಬುದನ್ನೂ ಸೇರಿಸಿ, ಆಗಿನ ಸ್ಕ್ಯಾನಿಂಗ್ ಚಿತ್ರಗಳಿದ್ದರೆ ಜೊತೆಗಿರಲಿ. ಆಧಾರ್ ಮತ್ತು ಪಡಿತರ ಚೀಟಿಯನ್ನು ಮರೆಯಬೇಡಿ. ಅಮ್ಮನಿಗೂ ನಿದ್ದೆ ಬರುತ್ತಿಲ್ಲವೆಂದಾದರೆ ಅದೇ ದಿನ ಅವರ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ.